ನ್ಯುಮೋನಿಯಾ ಬಂದ ಮಗುವಿಗೆ ಆಲ್ಬುಮಿನ್ ಬಾಟಲಿ ಬೇಕೆ?

ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದ ಒಂದೂವರೆ ವರ್ಷದ ಮಗುವಿನ ತಂದೆ ರಕ್ತ ಪರೀಕ್ಷೆಯ ವರದಿ ಹಿಡಿದು ಬಂದರು. ‘ಡಾಕ್ಟ್ರೇ, ಆಲ್ಬುಮಿನ್ 2.6 ಅಂತ ಇದೆ. ಬಾಟಲಿ ಹಾಕಿಸಿದರೆ ಸರಿಹೋಗುತ್ತದಂತೆ. ಸಾಲ ಮಾಡಿಯಾದರೂ ತರುತ್ತೇನೆ’ ಎಂದರು. ಪಕ್ಕದಲ್ಲಿದ್ದ ಅಜ್ಜಿಗೆ ಆಶ್ಚರ್ಯ: ‘ಮಗು ಸೊರಗಿಲ್ಲವಲ್ಲ, ಕೈಕಾಲು ತುಂಬಿಕೊಂಡೇ ಇದೆ!’ ಮಗುವಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದೆ. ಗುಳಿ ಬಿತ್ತು. ಅಲ್ಲಿ ತುಂಬಿದ್ದು ಮಾಂಸವಲ್ಲ, ನೀರು.

ಆಲ್ಬುಮಿನ್ ಎಂದರೇನು?

ಗರ್ಭಿಣಿಯರ ಮೂತ್ರ ಪರೀಕ್ಷೆಯಿಂದಾಗಿ ಈ ಹೆಸರು ಅನೇಕರಿಗೆ ಗೊತ್ತು. ಇದು ಮೂತ್ರದಲ್ಲಿ ಹೋಗಬಾರದು, ರಕ್ತದಲ್ಲಿ ಇರಲೇಬೇಕು. ಯಕೃತ್ತು ತಯಾರಿಸುವ ಈ ಪ್ರೋಟೀನು ರಕ್ತದ ನೀರಿನಂಶವನ್ನು ರಕ್ತನಾಳಗಳ ಒಳಗೇ ಹಿಡಿದಿಡುತ್ತದೆ. 100 ಮಿ.ಲೀ.ಗೆ ಸುಮಾರು 3.5ರಿಂದ 5 ಗ್ರಾಂ ಇರುವುದು ಸಹಜ. ಎಳೆಯ ಶಿಶುಗಳಲ್ಲಿ ತುಸು ಕಡಿಮೆ. ಬಹಳ ಇಳಿದರೆ ನೀರು ಹೊರಗೆ ಒಸರಿ ಪಾದ, ಮುಖ ಊದಿಕೊಳ್ಳುತ್ತವೆ.

ಇಳಿಯುವುದೇಕೆ?

ಸೋಂಕು ತೀವ್ರವಾದಾಗ ಯಕೃತ್ತು ರೋಗದೊಡನೆ ಹೋರಾಡುವ ಬೇರೆ ಪ್ರೋಟೀನುಗಳ ತಯಾರಿಕೆಗೆ ತೊಡಗಿ ಆಲ್ಬುಮಿನ್ ತಯಾರಿಯನ್ನು ತಗ್ಗಿಸುತ್ತದೆ. ಉರಿಯೂತದಿಂದ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ಆಲ್ಬುಮಿನ್ ಸೋರಿಹೋಗುತ್ತದೆ. ಜೊತೆಗೆ ಏದುಸಿರು ಬಿಡುವ ಮಗು ಊಟ ಬಿಡುತ್ತದೆ. ಮೊದಲೇ ಅಪೌಷ್ಟಿಕತೆ ಇದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ಈ ಅಂಕಿ ಪ್ರತ್ಯೇಕ ಕಾಯಿಲೆಯಲ್ಲ, ಎಚ್ಚರಿಕೆಯ ಗಂಟೆ. ಆಲ್ಬುಮಿನ್ ಬಹಳ ಇಳಿದ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚು ತೀವ್ರವಾಗಿರುವುದು, ಚೇತರಿಕೆ ತಡವಾಗುವುದು, ಪ್ರಾಣಾಪಾಯ ಹೆಚ್ಚುವುದು ಕಂಡುಬಂದಿದೆ. ಅಂಥ ಮಗುವನ್ನು ವೈದ್ಯರು ಇನ್ನಷ್ಟು ನಿಗಾ ಇಟ್ಟು ನೋಡಿಕೊಳ್ಳುತ್ತಾರೆ. ಮೂತ್ರಪಿಂಡ, ಯಕೃತ್ತಿನ ತೊಂದರೆ ಇದೆಯೇ ಎಂದೂ ಪರೀಕ್ಷಿಸುತ್ತಾರೆ.

ಹಾಗಾದರೆ ಬಾಟಲಿ?

ಸೋರುವ ಕೊಡಕ್ಕೆ ನೀರು ತುಂಬಿದಂತೆ! ನಾಳಗಳು ಸೋರುತ್ತಿರುವಾಗ ಕೊಟ್ಟ ಆಲ್ಬುಮಿನ್ ಕೂಡ ಹೊರಗೆ ಹೋಗುತ್ತದೆ. ಕೆಲವೇ ವಿಶೇಷ ಸಂದರ್ಭಗಳಲ್ಲಿ ಮಾತ್ರ ವೈದ್ಯರು ಅದನ್ನು ಬಳಸುತ್ತಾರೆ. ಮಗುವಿಗೆ ಮುಖ್ಯವಾಗಿ ಬೇಕಾದದ್ದು ಸರಿಯಾದ ಆ್ಯಂಟಿಬಯೋಟಿಕ್, ಅಗತ್ಯವಿದ್ದರೆ ಆಮ್ಲಜನಕ, ಮತ್ತು ಆಹಾರ. ಸೋಂಕು ಇಳಿದ ಮೇಲೆ ಆಲ್ಬುಮಿನ್ ನಿಧಾನವಾಗಿ ಏರುತ್ತದೆ. ಕೆಲವು ವಾರಗಳೇ ಬೇಕಾಗಬಹುದು.

ಊಟ ನಿಲ್ಲಿಸಬೇಡಿ

ಕೆಮ್ಮು ಬಂತೆಂದು ಮೊಟ್ಟೆ ನಂಜು, ಮೊಸರು ಶೀತ ಎಂದು ಎಲ್ಲ ಬಿಡಿಸಿ ಬರೀ ಗಂಜಿ ತಿಳಿ ಕುಡಿಸುವ ಮನೆಗಳು ಈಗಲೂ ಇವೆ. ಈ ಪಥ್ಯ ಮಗುವಿನ ಶಕ್ತಿಯನ್ನೇ ಕಸಿಯುತ್ತದೆ. ಎದೆಹಾಲು ಮುಂದುವರಿಸಿ. ಆರು ತಿಂಗಳು ದಾಟಿದ ಮಗುವಿಗೆ ಮೆತ್ತಗಿನ ಬೇಳೆ-ಅನ್ನ, ರಾಗಿ ಸರಿ, ಮೊಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಇರಲಿ. ಆದರೆ ಎರಡೂ ಪಾದ ಊದಿದ್ದರೆ ಮನೆಯಲ್ಲೇ ಪ್ರೋಟೀನ್ ಪುಡಿ ಶುರುಮಾಡಬೇಡಿ. ತೀವ್ರ ಅಪೌಷ್ಟಿಕತೆಯಲ್ಲಿ ಆಹಾರವನ್ನು ಹಂತಹಂತವಾಗಿ, ಆಸ್ಪತ್ರೆಯಲ್ಲಿ ಏರಿಸಬೇಕು.

ಯಾವಾಗ ಓಡಬೇಕು?

ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿ ಮಲಗಿದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ ತಡಮಾಡಲೇಬೇಡಿ. ಎದೆಗೆ, ಹೊಟ್ಟೆಗೆ ಬರೆ ಹಾಕಿಸುವುದು ಮಗುವಿಗೆ ಹಿಂಸೆಯೇ ಹೊರತು ಮದ್ದಲ್ಲ.

ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತಿದೆ. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು: ಮೂರನ್ನೂ ತಪ್ಪಿಸಬೇಡಿ.

ಆ ತಂದೆ ಸಾಲ ಮಾಡಲಿಲ್ಲ. ಮಗು ಬಾಟಲಿಯಿಲ್ಲದೆಯೇ ಚೇತರಿಸಿಕೊಂಡಿತು. ಊತ ಇಳಿದಾಗ ಅದರ ಕಾಲು ಎಷ್ಟು ಸಣಕಲಾಗಿತ್ತೆಂಬುದು ಅಜ್ಜಿಯ ಕಣ್ಣಿಗೂ ಬಿತ್ತು. ಮನೆಗೆ ಹೊರಟಾಗ ಅವರೇ ಕೇಳಿದರು: ‘ದಿನಕ್ಕೆ ಎಷ್ಟು ಸಲ ಉಣಿಸಬೇಕು, ಡಾಕ್ಟ್ರೇ?’