ಹಾಡಲು ಅಂಜಿಕೆಯೇ? ಸುಲಭದ ಹಾಡು ಆರಿಸಿ

ಸೋದರಿಯರೇ, ಸಂಘದ ಮಹಿಳಾ ದಿನಾಚರಣೆಯಲ್ಲಿ ಕರೋಕೆ ಇಟ್ಟರೆ ‘ನನಗೆ ದನಿ ಇಲ್ಲ’ ಎಂದು ಹಿಂದೆ ಸರಿಯುತ್ತೀರಾ? ಹಾಲು ಕರೆಯುವಾಗ ಗುನುಗುವ ದನಿಯೇ ಸಾಕು. ಕರೋಕೆಯಲ್ಲಿ ವಾದ್ಯ ಮಾತ್ರ ಕೇಳಿಸುತ್ತದೆ, ಹಾಡುವವರು ನೀವು.

ಹಾಡು ಆರಿಸುವಾಗ ಗಮನಿಸಿ:

1. ಬಾಯಿಪಾಠ ಇರುವ ಹಾಡೇ ಇರಲಿ.

2. ನಿಧಾನದ್ದು, ಪಲ್ಲವಿ ಮತ್ತೆ ಮತ್ತೆ ಬರುವಂಥದ್ದು, ಸಾಲುಗಳ ನಡುವೆ ಉಸಿರಿಗೆ ಬಿಡುವಿರುವಂಥದ್ದು ಒಳ್ಳೆಯದು.

3. ಎಲ್ಲಕ್ಕಿಂತ ಏರುದನಿಯ ಸಾಲನ್ನು ಮನೆಯಲ್ಲೇ ಮೊದಲು ಹಾಡಿ ನೋಡಿ. ಗಂಟಲು ಬಿಗಿದರೆ ಶ್ರುತಿ ಇಳಿಸಿ, ಇಲ್ಲವೇ ಹಾಡು ಬದಲಿಸಿ.

ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ದಿಂದ ಆರಂಭಿಸಬಹುದು. ಎಲ್ಲರಿಗೂ ಗೊತ್ತಿರುವ ಹಾಡು. ಮಜ್ಜಿಗೆ, ಬೆಣ್ಣೆಯ ಮಾತೂ ಅದರಲ್ಲಿದೆ. ಮೊದಲ ಸಲ ನಾಲ್ವರು ಸೇರಿ ಹಾಡಿ.

ಒಮ್ಮೆ ಮೈಕ್ ಹಿಡಿದು ಹಾಡಿದವರಿಗೆ ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಫ್ಯಾಟ್ ಲೆಕ್ಕ ಕೇಳಲೂ ಧೈರ್ಯ ಬರುತ್ತದೆ.