ನಾಲ್ಕು ಬೈಟಿನ ಮೇಲೆ ಹೊರಿಸಿದ ತಪ್ಪು

ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಅದರೊಳಗೆ ಒಂದು ವರ್ಚುವಲ್ ಯಂತ್ರವನ್ನು ರೂಟರ್ ಮಾಡಿದ್ದು ಕಳೆದ ರಜೆಯಲ್ಲಿ. ಲ್ಯಾಬಿಗೆ ಒಂದು ವಿಲ್ಯಾನ್, ಕಚೇರಿಗೆ ಒಂದು. ಸ್ವಿಚ್ ಒಂದೇ ಆದರೂ ಎರಡು ಬೇರೆ ಜಾಲಗಳಂತೆ ಇರಲಿ ಎಂಬುದು ಉದ್ದೇಶ. ಮರುದಿನವೇ ದೂರು ಬಂತು: ಲ್ಯಾಬಿನ ಸರ್ವರಿನಿಂದ ಕಚೇರಿಗೆ ಫೈಲ್ ಇಳಿಸಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದೆ. "ಟ್ಯಾಗ್ ಹಚ್ಚುವ ಕೆಲಸ ಸಾಫ್ಟ್‌ವೇರ್ ಮಾಡ್ತಿದೆ ಸರ್, ಅದಕ್ಕೇ ನಿಧಾನ. ಹೊಸ ನೆಟ್‌ವರ್ಕ್ ಕಾರ್ಡ್ ಬೇಕು" ಎಂದುಬಿಟ್ಟೆ. ಸರ್ ನನ್ನ ಮಾತು ನಂಬಿ ಬೇಡಿಕೆ ಪತ್ರವನ್ನೇ ಬರೆದರು. ಅಳೆಯದೆ ಆಡಿದ ಮಾತು ಅದು. ಕಾಲೇಜಿನ ದುಡ್ಡು ಖರ್ಚಾಗುವ ಮೊದಲು ಲೆಕ್ಕ ಹಾಕಬೇಕಿತ್ತು.

ಐಇಇಇ 802.1ಕ್ಯೂ ನಿಯಮದಂತೆ ಈಥರ್ನೆಟ್ ಫ್ರೇಮಿನ ಎರಡು ವಿಳಾಸಗಳ ನಂತರ 4 ಬೈಟ್ ಸೇರುತ್ತದೆ. ಮೊದಲ 2 ಬೈಟ್, ಇದು ಟ್ಯಾಗ್ ಇರುವ ಫ್ರೇಮ್ ಎಂಬ ಗುರುತು. ಉಳಿದ 16 ಬಿಟ್‌ಗಳಲ್ಲಿ 3 ಆದ್ಯತೆಗೆ, 1 ದಟ್ಟಣೆಯಾದಾಗ ಬಿಟ್ಟುಬಿಡಬಹುದೇ ಎಂಬುದಕ್ಕೆ, 12 ವಿಲ್ಯಾನ್ ಸಂಖ್ಯೆಗೆ. 2ರ 12ನೇ ಘಾತ 4096; ಮೊದಲನೆಯದೂ ಕೊನೆಯದೂ ಮೀಸಲು, ಬಳಸಲು ಉಳಿಯುವುದು 4094. ಸಾಫ್ಟ್‌ವೇರ್ ಇದನ್ನು ಹಚ್ಚುವಾಗ ಇಡೀ ಫ್ರೇಮನ್ನು ನಕಲು ಮಾಡಬೇಕಿಲ್ಲ. ವಿಳಾಸಗಳ 12 ಬೈಟನ್ನು ಮುಂದಿನ ಖಾಲಿ ಜಾಗಕ್ಕೆ ಸರಿಸಿ, ನಡುವೆ ಟ್ಯಾಗ್ ಬರೆದರೆ ಸಾಕು. ಬಸ್ಸಿನ ಸೀಟಿನಲ್ಲಿ ಇಬ್ಬರು ಸರಿದು ಮೂರನೆಯವರಿಗೆ ಜಾಗ ಕೊಟ್ಟ ಹಾಗೆ.

10 ಗಿಗಾಬಿಟ್ ಜಾಲದಲ್ಲಿ 64 ಬೈಟಿನ ಪುಟ್ಟ ಫ್ರೇಮ್‌ಗಳು ಸೆಕೆಂಡಿಗೆ ಸುಮಾರು 1.488 ಕೋಟಿ ಬರಬಹುದು. ಒಂದಕ್ಕೆ ಸಿಗುವುದು 67 ನ್ಯಾನೊಸೆಕೆಂಡ್, ಅಂದರೆ 3 ಗಿಗಾಹರ್ಟ್ಸ್ ಪ್ರೊಸೆಸರಿನ ಸುಮಾರು 200 ಕ್ಲಾಕ್ ಸೈಕಲ್. ಅಲ್ಲಿ ಈ ಸರಿಸುವ ಕೆಲಸವೂ ಭಾರವೇ. ನಮ್ಮದು 1 ಗಿಗಾಬಿಟ್, ಫೈಲಿನ ಪ್ಯಾಕೆಟ್ 1500 ಬೈಟಿನದು. ಒಂದೊಂದಕ್ಕೂ 12 ಮೈಕ್ರೊಸೆಕೆಂಡ್, ಸುಮಾರು 180 ಪಟ್ಟು ಹೆಚ್ಚು ಬಿಡುವು!

ಹಾಗಾದರೆ ತಪ್ಪು ಯಾರದು? ಮೂಲೆಯಲ್ಲಿದ್ದ ಹಳೆಯ ಕಾರ್ಡೊಂದನ್ನು ಸಿಕ್ಕಿಸಿ, ಟ್ಯಾಗ್ ಇಲ್ಲದೆ ಎರಡು ಜಾಲಕ್ಕೆ ಎರಡು ಕೇಬಲ್ ಎಳೆದು ಐಪರ್ಫ್‌ನಿಂದ ಅಳೆದೆ. ವೇಗ ಹೆಚ್ಚುಕಡಿಮೆ ಅಷ್ಟೇ. ಆಗ ಹೊಳೆಯಿತು. ಮೊದಲು ಕಚೇರಿಯೂ ಲ್ಯಾಬೂ ಒಂದೇ ಜಾಲ, ಫೈಲುಗಳು ಸ್ವಿಚ್ಚಿನಲ್ಲೇ ದಾಟಿಹೋಗುತ್ತಿದ್ದವು. ಈಗ ಪ್ರತಿ ಪ್ಯಾಕೆಟ್ಟೂ ನನ್ನ ರೂಟರಿನೊಳಗೆ ಹೊಕ್ಕು ಹೊರಬರಬೇಕು. ಅದಕ್ಕೆ ನಾನು ಕೊಟ್ಟಿದ್ದ ಬಾಗಿಲು ಇ1000 ಎಂಬ ಅನುಕರಣೆಯ ಕಾರ್ಡ್. ಅದರ ರಿಜಿಸ್ಟರನ್ನು ಮುಟ್ಟಿದಾಗ ವರ್ಚುವಲ್ ಯಂತ್ರ ನಿಲ್ಲಬೇಕು, ಕೆಳಗಿನ ಯಂತ್ರ ಆ ಕೆಲಸ ಮುಗಿಸಬೇಕು, ಆಮೇಲೆ ಮತ್ತೆ ಶುರು. (ತಮಾಷೆ ನೋಡಿ, ಟ್ಯಾಗ್ ತಾನೇ ಹಚ್ಚುತ್ತೇನೆ ಎನ್ನುತ್ತದೆ ಈ ಕಾರ್ಡ್. ಹಚ್ಚುವುದು ಮಾತ್ರ ಕೆಳಗಿನ ಸಾಫ್ಟ್‌ವೇರೇ.)

ವರ್ಟ್‌ಐಒ ಕಾರ್ಡಿಗೆ ಬದಲಿಸಿದೆ. ಅದು ಪ್ಯಾಕೆಟ್‌ಗಳನ್ನು ಇಬ್ಬರಿಗೂ ಕಾಣುವ ಮೆಮೊರಿಯಲ್ಲಿ ಸಾಲಾಗಿ ಇಟ್ಟು, ಹಲವಕ್ಕೆ ಸೇರಿ ಒಮ್ಮೆ ಗಂಟೆ ಬಾರಿಸುತ್ತದೆ. ಟ್ಯಾಗನ್ನು ಮತ್ತೆ ಹಾಕಿದ ಮೇಲೂ ಕಚೇರಿಯಿಂದ ದೂರು ಬರಲಿಲ್ಲ.

ಬೇಡಿಕೆ ಪತ್ರ ಇನ್ನೂ ಸರ್ ಮೇಜಿನ ಡ್ರಾಯರಿನಲ್ಲೇ ಇತ್ತು. ಹರಿದುಹಾಕಿ ಸರ್ ಎಂದೆ. ಅವರು ಅದನ್ನು ನನ್ನ ಕೈಗೇ ಕೊಟ್ಟು, "ಹಿಂದಿನ ಪುಟ ಖಾಲಿ ಇದೆ, ಲೆಕ್ಕ ಅಲ್ಲಿ ಬರೆ" ಎಂದರು.