ಹೆರಿಗೆಯ ನಂತರ ಕೂದಲು ಉದುರುವುದೇಕೆ?

ಹೆರಿಗೆಯಾದ ಕೆಲವು ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು ಬರುವುದು ಅನೇಕ ತಾಯಂದಿರ ಅನುಭವ. ತಲೆಯ ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಸುರಿನಲ್ಲಿ ಈಸ್ಟ್ರೋಜೆನ್ ಹಾರ್ಮೋನು ಏರಿ ಬೆಳವಣಿಗೆಯ ಅವಧಿ ಹಿಗ್ಗುತ್ತದೆ, ಕೂದಲು ದಟ್ಟವಾಗಿ ಕಾಣುತ್ತದೆ. ಹೆರಿಗೆಯಾದೊಡನೆ ಹಾರ್ಮೋನು ಇಳಿದು, ಉದುರದೆ ಉಳಿದಿದ್ದ ಕೂದಲೆಲ್ಲ ಒಟ್ಟಿಗೇ ವಿಶ್ರಾಂತಿಗೆ ಜಾರಿ, 2ರಿಂದ 4 ತಿಂಗಳಲ್ಲಿ ಉದುರತೊಡಗುತ್ತದೆ. ಬೇರು ಜೀವಂತವಾಗಿರುವುದರಿಂದ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ.

ಇದಕ್ಕೆ ವಿಶೇಷ ಔಷಧ ಬೇಕಿಲ್ಲ. ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಸೊಪ್ಪು, ಕಾಳು, ಮೊಟ್ಟೆ ತಪ್ಪಿಸಬಾರದು. ಕಬ್ಬಿಣಾಂಶದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಎಣ್ಣೆ ಕೂದಲಿಗೆ ನುಣುಪು ಕೊಡುತ್ತದೆ, ಉದುರುವುದನ್ನು ನಿಲ್ಲಿಸದು. ಜಡೆಯನ್ನು ಬಿಗಿಯಾಗಿ ಹೆಣೆಯಬಾರದು.

ವರ್ಷ ಕಳೆದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ಅಲ್ಲಲ್ಲಿ ದುಂಡಗೆ ಬೋಳಾದರೆ ಅಥವಾ ವಿಪರೀತ ಸುಸ್ತಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ಕೂದಲು ಉದುರಲು ಕಾರಣವಾಗಬಲ್ಲ ರಕ್ತಹೀನತೆ, ಥೈರಾಯ್ಡ್ ತೊಂದರೆಗಳು ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್ ಪರೀಕ್ಷೆಗಳಲ್ಲಿ ತಿಳಿಯುತ್ತವೆ. ಹಾಲುಣಿಸುವ ತಾಯಿ, ಕೂದಲು ಬೆಳೆಸಲು ಹಚ್ಚುವ ಮಿನಾಕ್ಸಿಡಿಲ್‌ನಂಥ ಔಷಧವನ್ನು ವೈದ್ಯರನ್ನು ಕೇಳದೆ ಹಚ್ಚಬಾರದು.